ಒಂದೇ ಕ್ಯಾಮೆರಾ, ಇಬ್ಬರ ಸರದಿ: ಒಲಿಂಪಸ್ ಪೆನ್ ಇಇ-3 ಜೊತೆ ಕೆಲವು ವರ್ಷ

ಮೊದಲೇ ಹೇಳಿಬಿಡುತ್ತೇನೆ. ಒಬ್ಬರೇ ಓಡಾಡಿ ಫೋಟೋ ತೆಗೆಯುವವರಿಗೆ ಒಲಿಂಪಸ್ ಪೆನ್ ಇಇ-3 ಒಂದು ಸಾಧಾರಣ ಫಿಲ್ಮ್ ಕ್ಯಾಮೆರಾ. ಇಬ್ಬರು ಸೇರಿ ತೆಗೆಯುವುದಾದರೆ ಇದಕ್ಕಿಂತ ಒಳ್ಳೆಯದು ನನಗಂತೂ ಸಿಕ್ಕಿಲ್ಲ. 2023ರಿಂದ ನಾನೂ ನನ್ನ ಗಂಡನೂ ಇದೊಂದನ್ನೇ ಹಂಚಿಕೊಂಡು ಬಳಸುತ್ತಿದ್ದೇವೆ. ಒಂದು ರೋಲ್ ಹಾಕಿ ವಿಡಿಯೋ ಮಾಡಿ ಬಿಡುವವರು ಬೇಕಾದಷ್ಟಿದ್ದಾರೆ. ಕ್ಯಾಮೆರಾದ ಚರ್ಮದ ಹೊದಿಕೆಯ ಅಂಚು ಸವೆಯುವಷ್ಟು ಬಳಸಿದ ಮೇಲೆ ಏನನ್ನಿಸುತ್ತದೆ ಅಂತ ಬರೆದವರು ಕಡಿಮೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಮೊದಲ ಪೆನ್ ಬಂದದ್ದು 1959ರಲ್ಲಿ. ಯೋಶಿಹಿಸಾ ಮೈತಾನಿ ಅನ್ನುವ ಎಂಜಿನಿಯರ್ ಮಾಡಿದ್ದು. 6,000 ಯೆನ್‌ಗೆ ಮಾರಬಲ್ಲ ಕ್ಯಾಮೆರಾ ಮಾಡಬೇಕು ಅನ್ನುವುದು ಅವರ ಗುರಿಯಾಗಿತ್ತಂತೆ. ನಮ್ಮ ಹತ್ತಿರ ಇರುವ ಇಇ-3, 1973ರಲ್ಲಿ ಶುರುವಾದ ಮಾದರಿ. ಇದು ಹಾಫ್ ಫ್ರೇಮ್. ಮಾಮೂಲಿ 35 ಎಂಎಂ ಫಿಲ್ಮೇ ಹಾಕುವುದು, ಆದರೆ ಒಂದು ಚಿತ್ರದ ಜಾಗದಲ್ಲಿ ಎರಡು ಕೂರುತ್ತವೆ. 36ರ ರೋಲಿನಲ್ಲಿ 72 ಚಿತ್ರ. ಬ್ಯಾಟರಿ ಇಲ್ಲ. ಲೆನ್ಸಿನ ಸುತ್ತ ಗುಳ್ಳೆಗುಳ್ಳೆಯಾಗಿ ಕಾಣುವ ಉಂಗುರದ ಹಿಂದೆ ಸೆಲೆನಿಯಂ ಕೋಶ ಇದೆ. ಬೆಳಕು ಬಿದ್ದರೆ ಅದೇ ಕರೆಂಟು ಹುಟ್ಟಿಸಿ, ಬೆಳಕು ಅಳೆಯುವ ಮೀಟರ್ ಓಡಿಸುತ್ತದೆ. ಶಟರ್ ವೇಗ ಎರಡೇ: ಸೆಕೆಂಡಿನ 40ನೇ ಒಂದು ಭಾಗ, ಇಲ್ಲವೇ 200ನೇ ಒಂದು ಭಾಗ. ಯಾವುದು ಬೇಕು ಅಂತ ಅದೇ ನಿರ್ಧಾರ ಮಾಡುತ್ತದೆ. ಫೋಕಸ್ ಮಾಡುವ ಹಾಗೂ ಇಲ್ಲ. ಒಂದೂವರೆ ಮೀಟರ್ ಆಚೆ ಇರುವುದೆಲ್ಲ ಸುಮಾರಾಗಿ ಚೆನ್ನಾಗಿ ಬರುತ್ತದೆ, ಹತ್ತಿರದ್ದು ಮಸುಕು. ಫಿಲ್ಮಿನ ವೇಗ (ಐಎಸ್ಒ, ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತದೆ ಅನ್ನುವ ಅಂಕಿ) ಹೊಂದಿಸಿ, ಉಂಗುರವನ್ನು 'ಎ'ಗೆ ತಿರುಗಿಸಿಟ್ಟರೆ ಮುಗಿಯಿತು.

ಕೊಂಡ ಸಂದರ್ಭ ಅಷ್ಟೇನು ಸಂತೋಷದ್ದಲ್ಲ. ಆ ವರ್ಷದ ಶುರುವಿನಲ್ಲಿ ನನ್ನ ಗಂಡನ ಕೆಲಸ ಹೋಯಿತು. ಬೆಂಗಳೂರಿನಲ್ಲಿ ಆಗ ಎಲ್ಲಿ ನೋಡಿದರೂ ಲೇಆಫ್ ಸುದ್ದಿಯೇ. ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದ, ಲಾಗಿನ್ ಆಗಲಿಲ್ಲ, ಅಷ್ಟೇ. ಬಾಡಿಗೆ ಮನೆ ಖಾಲಿ ಮಾಡಿ ಮೈಸೂರಿಗೆ, ಅತ್ತೆ ಮಾವನ ಮನೆಗೆ ಬಂದೆವು. ನಾನು ಮೇಲಿನ ಕೋಣೆಯಲ್ಲಿ ಕೂತು ಆಫೀಸ್ ಕೆಲಸ ಮಾಡುತ್ತಿದ್ದೆ. ಅವನು ಕೆಳಗೆ ಅರ್ಜಿ ಹಾಕುತ್ತಾ ಕೂತಿರುತ್ತಿದ್ದ. ಇಡೀ ದಿನ ಒಂದೇ ಸೂರಿನ ಕೆಳಗಿದ್ದರೂ ಮಾತಿಗೆ ಸಿಗುತ್ತಿದ್ದದ್ದು ಎರಡೇ ವಿಷಯ. ಇಂಟರ್‌ವ್ಯೂ ಏನಾಯ್ತು, ರಾತ್ರಿ ಊಟಕ್ಕೇನು. ಅವನ ಡಿಜಿಟಲ್ ಎಸ್ಎಲ್ಆರ್ ಮತ್ತು ಮೂರು ಲೆನ್ಸು ಮಾರಿದೆವು. ಆ ದುಡ್ಡಿನ ಚಿಕ್ಕದೊಂದು ಪಾಲಿನಲ್ಲಿ ಈ ಹಳೆಯ ಕ್ಯಾಮೆರಾ ಬಂತು. 'ಕೈ ಸುಮ್ನೆ ಇರಲ್ಲ, ಏನಾದರೂ ಬೇಕು' ಅಂತ ಅವನ ವಾದ.

ಸರದಿಯ ನಿಯಮ ಹುಟ್ಟಿದ್ದು ಪ್ರೀತಿಯಿಂದ ಅಲ್ಲ, ಜಗಳದಿಂದ. ಒಂದೇ ಸಂಬಳದ ಮನೆ. ಒಳ್ಳೆಯ ಕಲರ್ ರೋಲಿಗೆ ಆಗ ಸಾವಿರ ರೂಪಾಯಿಯ ಆಸುಪಾಸು, ತೊಳೆಸಿ ಸ್ಕ್ಯಾನ್ ಮಾಡಿಸಲು ಇನ್ನೂ ಆರುನೂರು. ಹಾಫ್ ಫ್ರೇಮ್ ಆದ್ದರಿಂದ ಒಂದು ಚಿತ್ರಕ್ಕೆ ಸುಮಾರು 22 ರೂಪಾಯಿ ಬೀಳುತ್ತಿತ್ತು. ಮಾಮೂಲಿ ಕ್ಯಾಮೆರಾದಲ್ಲಾದರೆ ಅದರ ಎರಡರಷ್ಟು. ಹಾಗಂತ 22 ರೂಪಾಯಿಯನ್ನು ಒಬ್ಬರೇ ಟಕ ಟಕ ಅಂತ ಒತ್ತುತ್ತಾ ಹೋದರೆ ಇನ್ನೊಬ್ಬರಿಗೆ ಉರಿಯುತ್ತದೆ ಅಲ್ವಾ? ಅದಕ್ಕೇ ಒಪ್ಪಂದ: ಒಬ್ಬರು ಒಂದು ಕ್ಲಿಕ್, ಹಿಂದಿನ ಚಕ್ರ ಪೂರ್ತಿ ತಿರುಗಿಸಿ ಇನ್ನೊಬ್ಬರ ಕೈಗೆ. ಏನು ತೆಗೆದೆ ಅಂತ ಕೇಳುವ ಹಾಗಿಲ್ಲ. ಇನ್ನೊಬ್ಬರಿಗೆ 'ಅದನ್ನ ತೆಗಿ' ಅಂತ ತೋರಿಸುವ ಹಾಗೂ ಇಲ್ಲ. ಇದು ಎರಡನೆಯ ನಿಯಮ, ನನ್ನ ಒತ್ತಾಯಕ್ಕೆ ಸೇರಿದ್ದು.

ಈ ಕ್ಯಾಮೆರಾದ ಗುಟ್ಟು ಇರುವುದು ಇಲ್ಲೇ. ಅವನ ಚಿತ್ರ ಎಡಕ್ಕೆ, ನನ್ನದು ಬಲಕ್ಕೆ, ಎರಡೂ ಅಂಟಿಕೊಂಡೇ ಬರುತ್ತವೆ. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನ ಒಂದು ಜೋಡಿ ನಮ್ಮ ಫ್ರಿಜ್ ಮೇಲಿದೆ. ಎಡಗಡೆ ಅವನು ತೆಗೆದದ್ದು. ಮಲ್ಲಿಗೆ ಮಾಲೆಯನ್ನು ಮೊಳ ಹಾಕಿ ಅಳೆಯುತ್ತಿರುವ ಒಂದು ಕೈ, ಮೊಣಕೈಯಿಂದ ಬೆರಳ ತುದಿಯವರೆಗೆ ಅಷ್ಟೇ, ಮುಖ ಇಲ್ಲ. ಬಲಗಡೆ ನನ್ನದು. ಅದೇ ಹೆಂಗಸು ಚಿಲ್ಲರೆ ಎಣಿಸುತ್ತಿದ್ದಾಳೆ, ಕಟ್ಟುವ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾಳೆ. ಅವನು ಕೈ ನೋಡಿದ ಅಂತ ನನಗೆ ಗೊತ್ತಿರಲಿಲ್ಲ. ನಾನು ಮುಖ ನೋಡಿದೆ ಅಂತ ಅವನಿಗೂ ಗೊತ್ತಿರಲಿಲ್ಲ. ಲ್ಯಾಬಿನಿಂದ ಬಂದ ದಿನ ಊಟದ ಮೇಜಿನ ಮೇಲೆ ಅದನ್ನಿಟ್ಟುಕೊಂಡು ಅರ್ಧ ಗಂಟೆ ಮಾತಾಡಿದೆವು. ಇಂಟರ್‌ವ್ಯೂ ವಿಷಯ ಬರಲೇ ಇಲ್ಲ.

ಜೋಡಿ ಚೆನ್ನಾಗಿ ಬರುವುದು ಅರ್ಧ ಲ್ಯಾಬಿನ ಕೈಯಲ್ಲೂ ಇದೆ, ಇದನ್ನು ಗಮನಿಸಿ. ಸ್ಕ್ಯಾನ್ ಮಾಡುವವರು ಒಂದು ಫ್ರೇಮ್ ಬಿಟ್ಟು ಶುರು ಮಾಡಿದರೆ ಇಡೀ ರೋಲಿನ ಜೋಡಿ ತಿರುಗುಮುರುಗಾಗುತ್ತದೆ. ನನ್ನ ಹೂವಿನ ಪಕ್ಕ ಅವನ ಮುಂದಿನ ಬಾಳೆಹಣ್ಣು ಬಂದು ಕೂರುತ್ತದೆ. ಒಮ್ಮೊಮ್ಮೆ ಅದೇ ಇನ್ನೂ ಚೆನ್ನಾಗಿರುತ್ತದೆ, ಅದು ಬೇರೆ ಮಾತು. ನಾವು ಮೊದಲು ಹೋಗುತ್ತಿದ್ದ ಒಂದು ಲ್ಯಾಬಿನಲ್ಲಿ 72 ಚಿತ್ರ ಅಂತ ಎರಡರಷ್ಟು ಸ್ಕ್ಯಾನಿಂಗ್ ದುಡ್ಡು ಕೇಳಿದರು. ಸಾಲದ್ದಕ್ಕೆ ನೆಗೆಟಿವನ್ನು ಒಂದು ಚಿತ್ರದ ನಡುವೆಯೇ ಕತ್ತರಿಸಿ ಕೊಟ್ಟರು. ಈಗ ರೋಲ್ ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಬರೆದೇ ಕೊಡುತ್ತೇವೆ: 'ಹಾಫ್ ಫ್ರೇಮ್. ಎರಡೆರಡು ಒಟ್ಟಿಗೆ ಸ್ಕ್ಯಾನ್ ಮಾಡಿ. ಆರಾರು ಚಿತ್ರಕ್ಕೆ ಕತ್ತರಿಸಿ.' ಹೀಗೆ ಮಾಡಿದರೆ ಮಾಮೂಲಿ 36ರ ದರವೇ ಆಗುತ್ತದೆ.

ವ್ಯೂಫೈಂಡರ್ ಮೊದಲ ಸಲ ನೋಡಿದವರಿಗೆ ತಮಾಷೆ ಅನಿಸುತ್ತದೆ. ಕ್ಯಾಮೆರಾ ಅಡ್ಡ ಹಿಡಿದರೆ ಚಿತ್ರ ಉದ್ದಕ್ಕೆ ಕಾಣುತ್ತದೆ. ಅಡ್ಡ ಚಿತ್ರ ಬೇಕಿದ್ದರೆ ಕ್ಯಾಮೆರಾ ಉದ್ದಕ್ಕೆ ಹಿಡಿಯಬೇಕು. ಕುಕ್ಕರಹಳ್ಳಿ ಕೆರೆಯಂಥ ಕಡೆ ಇದು ಕಿರಿಕಿರಿ, ಅಲ್ಲಿ ಎಲ್ಲವೂ ಅಗಲಕ್ಕೇ ಇರುವುದು. ಮೇಲುಕೋಟೆಗೆ ಮಾತ್ರ ಹೇಳಿ ಮಾಡಿಸಿದ ಹಾಗಿದೆ. ರಾಯಗೋಪುರದ ಅರ್ಧಕ್ಕೆ ನಿಂತ ಎತ್ತರದ ಕಂಬಗಳು ಈ ಚೌಕಟ್ಟಿಗೆ ಸರಿಯಾಗಿ ಕೂರುತ್ತವೆ.

ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ನಡೆದದ್ದೊಂದನ್ನು ಇಲ್ಲಿ ಹೇಳಲೇಬೇಕು. ಸರದಿ ನನ್ನದಿತ್ತು. ಕಣ್ಣು ವ್ಯೂಫೈಂಡರಿಗೆ ಒತ್ತಿಕೊಂಡು, ನೀರಿನ ಹತ್ತಿರ ಬಟ್ಟೆ ಹಿಂಡುತ್ತಿದ್ದವರು ನೆಟ್ಟಗೆ ನಿಲ್ಲಲಿ ಅಂತ ಕಾಯುತ್ತಿದ್ದೆ. ಆಗ ಅವನು ಪಕ್ಕದಲ್ಲಿ ಕೂತು ಹೇಳಿದ: 'ಪುಣೆಯಿಂದ ಆಫರ್ ಬಂದಿದೆ. ನನಗೆ ಹೋಗೋಕೆ ಇಷ್ಟ ಇಲ್ಲ. ಹಾಗಂತ ಹೇಳೋಕೆ ನಾಚಿಕೆ ಆಗ್ತಿದೆ.' ನಾನು ಕ್ಯಾಮೆರಾ ಇಳಿಸಲಿಲ್ಲ. ಇಳಿಸಿದ್ದರೆ ಅವನು ಮಾತು ನಿಲ್ಲಿಸುತ್ತಿದ್ದ ಅಂತ ನನಗೆ ಗೊತ್ತಿತ್ತು. ಹಾಗೇ ನೋಡುತ್ತಾ 'ಹೂಂ, ಆಮೇಲೆ?' ಅಂದೆ. ಅವನು ಮುಂದುವರಿಸಿದ. ವಾರಗಟ್ಟಲೆ ಒಳಗೇ ಇಟ್ಟುಕೊಂಡಿದ್ದೆಲ್ಲ ಬಂತು. ಮುಖ ನೋಡಿ ಮಾತಾಡು ಅಂತ ದೊಡ್ಡವರು ಹೇಳುತ್ತಾರೆ. ಕೆಲವು ಮಾತಿಗೆ ಮುಖ ನೋಡದಿದ್ದರೇ ಸಲೀಸು. ಆ ಫ್ರೇಮಿನಲ್ಲಿ ಕೊನೆಗೆ ಬಂದದ್ದು ಬರೀ ನೀರು, ಬಟ್ಟೆ ಹಿಂಡುವವರು ಆಗಲೇ ಹೋಗಿಯಾಗಿತ್ತು. ಪುಣೆಗೆ ಅವನು ಹೋಗಲಿಲ್ಲ. ಈಗ ಮೈಸೂರಿನಲ್ಲೇ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಸಂಬಳ ಮೊದಲಿನ ಅರ್ಧಕ್ಕಿಂತ ಕಡಿಮೆ.

ಇನ್ನು ಕೆಂಪು ನಾಲಿಗೆಯ ವಿಷಯ. ಬೆಳಕು ಸಾಲದಿದ್ದರೆ ವ್ಯೂಫೈಂಡರಿನಲ್ಲಿ ಕೆಂಪು ಪಟ್ಟಿಯೊಂದು ಮೇಲೆದ್ದು ಬರುತ್ತದೆ, ಶಟರ್ ಬೀಳುವುದೇ ಇಲ್ಲ. ಸೋಮನಾಥಪುರಕ್ಕೆ ನಾವು ಹೋದದ್ದು 2023ರ ಸೆಪ್ಟೆಂಬರಿನಲ್ಲಿ ಅದು ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ. ಹೊರಗಿನ ಗೋಡೆಯ ಆನೆ, ಕುದುರೆ ಸಾಲುಗಳಿಗೆ ಹನ್ನೊಂದು ಗಂಟೆಯ ಓರೆ ಬಿಸಿಲು ಬಿದ್ದಿತ್ತು. ಅಲ್ಲಿ ಎಲ್ಲ ಚಿತ್ರವೂ ಚೆನ್ನಾಗಿ ಬಂದವು. ಒಳಗೆ ಕಾಲಿಟ್ಟ ಕೂಡಲೇ ಕೆಂಪು. ನವರಂಗದ ಚಾವಣಿಯ ಕೆತ್ತನೆಯನ್ನು ಕಣ್ಣಲ್ಲೇ ನೋಡಿ ಬಂದೆವು. ಕಂಬದ ನೆರಳಿಗೂ ಕೆಂಪು, ಮೋಡದ ಸಂಜೆಗೂ ಕೆಂಪು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗ ಅಭ್ಯಾಸವಾಗಿದೆ, ಆದರೆ ಇಷ್ಟವಾಗಿದೆ ಅಂತ ಸುಳ್ಳು ಹೇಳಲಾರೆ. ಇದು ಹಗಲಿನ ಕ್ಯಾಮೆರಾ, ಅಷ್ಟೇ. ಮಳೆಗಾಲದಲ್ಲಿ 400 ಐಎಸ್ಒ ಹಾಕುತ್ತೇವೆ. ಅದಕ್ಕಿಂತ ಮೇಲೆ ಇದರಲ್ಲಿ ಇಲ್ಲವೇ ಇಲ್ಲ.

ನಮ್ಮ ಮಾವನಿಗೆ ಈ ಕ್ಯಾಮೆರಾ ಕಂಡರೆ ನಗು. ಅವರ ಕಾಲದಲ್ಲಿ ಆಗ್ಫಾ ಕ್ಲಿಕ್ 3 ಇತ್ತಂತೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ರೋಲ್ ಹಾಕಿದರೆ 12 ಚಿತ್ರ. ಯುಗಾದಿಗೆ ಎರಡು, ಗೌರಿ ಹಬ್ಬಕ್ಕೆ ಎರಡು, ಮದುವೆ ಮುಂಜಿ ಬಂದರೆ ನಾಲ್ಕು. ರೋಲ್ ಮುಗಿಯಲು ವರ್ಷ ಬೇಕಾಗುತ್ತಿತ್ತು. 'ನಮಗೆ 12 ಮುಗಿಸೋಕೇ ಆಗ್ತಿರಲಿಲ್ಲ, ನಿಮಗೆ 72ರಲ್ಲಿ ಅಂಥದ್ದೇನು ಸಿಗುತ್ತೆ?' ಅಂತ ಕೇಳುತ್ತಾರೆ. ಪ್ರಶ್ನೆಯಲ್ಲಿ ತಪ್ಪಿಲ್ಲ. 72 ನಿಜಕ್ಕೂ ಜಾಸ್ತಿ. ನನಗೆ ಕಚೇರಿಯಿಂದ ಕರೆ ಬಂದು ವಾರದಲ್ಲಿ ಎರಡು ದಿನ ಬೆಂಗಳೂರಿಗೆ ರೈಲು ಹಿಡಿಯಲು ಶುರು ಮಾಡಿದ ಮೇಲೆ ಒಂದು ರೋಲ್ ತಿಂಗಳುಗಟ್ಟಲೆ ಒಳಗೇ ಕೂತಿರುತ್ತದೆ. ಬೇಗ ಫಲಿತಾಂಶ ಬೇಕು ಅನ್ನುವವರು ಇದರ ತಂಟೆಗೆ ಹೋಗಬೇಡಿ.

ದೀರ್ಘ ಬಳಕೆಯಲ್ಲಿ ಕೆಟ್ಟದ್ದೇನು? ಮೊದಲ ಮಳೆಗಾಲದ ಮೇಲೆ ಅಪರ್ಚರ್ ಎಲೆಗಳು, ಅಂದರೆ ಲೆನ್ಸಿನೊಳಗೆ ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ತಗಡುಗಳು, ಎಣ್ಣೆ ಹಿಡಿದು ಅಂಟಿಕೊಂಡವು. ಇಇ-3ಗಳಲ್ಲಿ ಇದು ಮಾಮೂಲಿ ಕಾಯಿಲೆ. ಲಕ್ಷಣ ಸುಲಭ: ಬಿಸಿಲಿನ ಚಿತ್ರಗಳೆಲ್ಲ ಬೆಳ್ಳಗೆ ಸುಣ್ಣ ಬಳಿದ ಹಾಗೆ. ಹಳೇ ಕ್ಯಾಮೆರಾ ರಿಪೇರಿ ಮಾಡುವ ಹಿರಿಯರೊಬ್ಬರು ಬಿಚ್ಚಿ ಒರೆಸಿ ಕೊಟ್ಟರು. ಹಿಂಬದಿ ಬಾಗಿಲಿನಲ್ಲಿ ಬೆಳಕು ನುಸುಳದಂತೆ ತಡೆಯುವ ಫೋಮ್ ಕರಗಿ ಅಂಟಾಗಿತ್ತು, ಚಿತ್ರದ ಅಂಚಿಗೆ ಕಿತ್ತಳೆ ಗೆರೆ ಬರತೊಡಗಿತು. ಅದನ್ನು ಕೆರೆದು ತೆಗೆದು ಅತ್ತೆಯ ಸ್ವೆಟರ್ ಹೆಣೆಯುವ ಕಪ್ಪು ಉಲ್ಲನ್ ದಾರವನ್ನು ಅಂಟಿಸಿದೆವು. ಇವತ್ತಿಗೂ ಗಟ್ಟಿಯಾಗಿದೆ. ಫಂಗಸ್ ಬರದ ಹಾಗೆ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡುತ್ತೇವೆ. ಚಿತ್ರದ ಗುಣಮಟ್ಟ ಕೇಳುವವರಿಗೆ: ಕೊಡಾಕ್ ಗೋಲ್ಡ್ 200 ಹಾಕಿ ಬಿಸಿಲಿನಲ್ಲಿ ತೆಗೆದರೆ ಆಲ್ಬಮ್ ಸೈಜಿಗೆ ತುಂಬಾ ಚೆನ್ನ. ಎ4ಗಿಂತ ದೊಡ್ಡದಾಗಿ ಪ್ರಿಂಟ್ ಹಾಕಿದರೆ ಕಣ ಕಾಣುತ್ತದೆ. ಕಪ್ಪು ಬಿಳುಪಿನ ಇಲ್‌ಫೋರ್ಡ್ ಎಚ್‌ಪಿ5ನಲ್ಲಂತೂ ರವೆ ಚೆಲ್ಲಿದಂತೆ.

ಹೊಸದೇ ಬೇಕು ಅನ್ನುವವರಿಗೆ ದಾರಿ ಇದೆ. 2022ರಲ್ಲಿ ಬಂದ ಕೊಡಾಕ್ ಎಕ್ಟಾರ್ ಎಚ್35 ಅಗ್ಗ, ಆದರೆ ಆಟಿಕೆಯಂಥ ಪ್ಲಾಸ್ಟಿಕ್. 2024ರಲ್ಲಿ ಬಂದ ಪೆಂಟಾಕ್ಸ್ 17ನ್ನು ಗೆಳತಿಯೊಬ್ಬಳ ಹತ್ತಿರ ನೋಡಿದೆ. ಕತ್ತಲಲ್ಲೂ ಕೆಲಸ ಮಾಡುತ್ತದೆ, ಹತ್ತಿರದ್ದನ್ನೂ ತೆಗೆಯಬಹುದು. ಬೆಲೆ ಮಾತ್ರ ಬಂದಾಗಲೇ 500 ಡಾಲರ್. ಮತ್ತೆ ಅದರಲ್ಲಿ ಪೂರ್ತಿ ಆಟೋ ಬಿಟ್ಟರೆ ಉಳಿದ ಮೋಡ್‌ಗಳಲ್ಲಿ ದೂರಕ್ಕೆ ತಕ್ಕ ಹಾಗೆ ಫೋಕಸ್ ತಿರುಗಿಸಬೇಕು. ಪ್ರತಿ ಸಲ ಕೈ ಬದಲಾಗುವಾಗ ಹಿಂದಿನವರು ಎಲ್ಲಿಗೆ ತಿರುಗಿಸಿ ಬಿಟ್ಟಿದ್ದಾರೆ ಅಂತ ನೋಡಿಕೊಳ್ಳುವುದು ನಮ್ಮ ಆಟಕ್ಕೆ ಒಗ್ಗುವುದಿಲ್ಲ. ಇಇ-3ಯಲ್ಲಿ ಕೆಡಿಸಲು ಏನೂ ಇಲ್ಲ, ಹಾಗಾಗಿ ದೂರಲೂ ಏನೂ ಇಲ್ಲ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಅಂಗಡಿಯ ಹೊರಗೆ ಬೆಳಕಿಗೆ ಹಿಡಿದು ಒತ್ತಿ, ಶಟರ್ ಬೀಳಬೇಕು. ಚಕ್ರ ತಿರುಗಿಸಿ, ಲೆನ್ಸಿನ ಉಂಗುರವನ್ನು ಅಂಗೈಯಲ್ಲಿ ಪೂರ್ತಿ ಮುಚ್ಚಿ ಮತ್ತೆ ಒತ್ತಿ, ಕೆಂಪು ಏಳಬೇಕು, ಶಟರ್ ಬೀಳಬಾರದು. ಬಿಸಿಲಿನಲ್ಲೂ ಕೆಂಪೇ ಬಂದರೆ ಕೋಶ ಸತ್ತಿದೆ ಅಂತ ಅರ್ಥ. ಹಾಗಿದ್ದರೂ ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ. ಉಂಗುರವನ್ನು 'ಎ'ಯಿಂದ ಆಚೆ ತಿರುಗಿಸಿದರೆ ಶಟರ್ 40ನೇ ಒಂದು ಭಾಗಕ್ಕೆ ನಿಲ್ಲುತ್ತದೆ, ಅಪರ್ಚರ್ ನಾವೇ ಇಡಬಹುದು. 100 ಐಎಸ್ಒ ಫಿಲ್ಮ್ ಹಾಕಿ, ಸುಡು ಬಿಸಿಲಿಗೆ 22, ಮೋಡಕ್ಕೆ 11, ನೆರಳಿಗೆ 5.6. ಕಲರ್ ನೆಗೆಟಿವ್ ಅಷ್ಟಿಷ್ಟು ಹೆಚ್ಚುಕಮ್ಮಿ ಸಹಿಸಿಕೊಳ್ಳುತ್ತದೆ. ಮಾರುವವರು 'ಮೀಟರ್ ಓಡುತ್ತೆ ಸಾರ್, ನಂಬಿ' ಅಂತ ಹೇಳಿ ಹೊರಗೆ ಒಯ್ಯಲು ಬಿಡದಿದ್ದರೆ ಬೇರೆ ಕಡೆ ನೋಡಿ.