ಕಣ್ಣೋಟದಿಂದ ಮಾತನಾಡುವ ಸಾಧನ: ಹಲವು ವರ್ಷ ಬಳಸಿದವನ ವಿಮರ್ಶೆ

ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕುಂದಿಸುತ್ತಾ ಹೋಗುವ ಮೋಟಾರ್ ನ್ಯೂರಾನ್ ಕಾಯಿಲೆ ನನ್ನ ಮಾತನ್ನೂ ಕೈಗಳ ಶಕ್ತಿಯನ್ನೂ ಕಸಿದುಕೊಂಡಿದೆ. ಈ ವಿಮರ್ಶೆಯನ್ನು ಅದೇ ಸಾಧನದಲ್ಲಿ, ಕಣ್ಣಿನಿಂದಲೇ ಬರೆಯುತ್ತಿದ್ದೇನೆ. ಬರೆಯುವುದಕ್ಕೆ ಇದು ಬಹಳ ಒಳ್ಳೆಯದು. ಹರಟೆಗೆ ಕೂತಾಗ ಮಾತ್ರ ಸಾಧನಕ್ಕಿಂತ ಎದುರಿಗಿರುವವರ ತಾಳ್ಮೆಯೇ ಹೆಚ್ಚು ಕೆಲಸ ಮಾಡಬೇಕಾಗುತ್ತದೆ.

ಪರದೆಯ ಕೆಳಗಿನ ಪಟ್ಟಿಯಿಂದ ಹೊಮ್ಮುವ ಇನ್‌ಫ್ರಾರೆಡ್ ಬೆಳಕು ಕಣ್ಣಿನ ಮೇಲೆ ಬಿದ್ದು ಪ್ರತಿಫಲಿಸುತ್ತದೆ; ನೋಟ ಎಲ್ಲಿ ನೆಟ್ಟಿದೆ ಎಂಬುದನ್ನು ಕ್ಯಾಮೆರಾ ಅದರಿಂದ ಪತ್ತೆ ಮಾಡುತ್ತದೆ. ಒಂದು ಅಕ್ಷರದ ಮೇಲೆ ನಿಗದಿತ ಹೊತ್ತು ನೋಟ ನಿಂತರೆ ಅದನ್ನು ಒತ್ತಿದಂತೆ. ಈ ಹೊತ್ತನ್ನು ಹದಗೊಳಿಸಿಕೊಳ್ಳುವುದರಲ್ಲೇ ಅರ್ಧ ಕಲಿಕೆ ಇದೆ. ಕಡಿಮೆ ಇಟ್ಟರೆ ಸುಮ್ಮನೆ ಕಣ್ಣಾಡಿಸಿದ್ದೆಲ್ಲ ಅಕ್ಷರವಾಗುತ್ತದೆ; ಹೆಚ್ಚಿಟ್ಟರೆ ಕಣ್ಣು ಸೋಲುತ್ತದೆ. ಬೆಳಗಿಗೊಂದು, ರೆಪ್ಪೆ ಭಾರವಾಗುವ ಸಂಜೆಗೊಂದು ಎಂದು ನಾನು ಎರಡು ಬಗೆಯಲ್ಲಿ ಹೊಂದಿಸಿಟ್ಟುಕೊಂಡಿದ್ದೇನೆ. ನೇರ ಬಿಸಿಲಿನಲ್ಲಿ ಸಾಧನ ತಡವರಿಸುತ್ತದೆ. ದಿಂಬು ತುಸು ಜಾರಿದರೂ ಕ್ಯಾಮೆರಾಕ್ಕೆ ಕಣ್ಣು ತಪ್ಪಿಹೋಗುತ್ತದೆ, ಅದನ್ನು ಹೇಳಲು ಆಗ ನನಗೆ ದನಿಯೇ ಇರುವುದಿಲ್ಲ. ಹಾಗಾಗಿ ಸ್ಟ್ಯಾಂಡ್ ಗಟ್ಟಿಯಾಗಿರಬೇಕು, ಪಕ್ಕದಲ್ಲಿ ಒಂದು ಪಾರದರ್ಶಕ ಅಕ್ಷರಫಲಕವೂ ಇರಬೇಕು; ನಾನು ಯಾವ ಅಕ್ಷರ ನೋಡುತ್ತಿದ್ದೇನೆಂದು ಎದುರಿಗಿರುವವರು ಅದರ ಮೂಲಕ ಗುರುತಿಸುತ್ತಾರೆ. ಚಾರ್ಜ್ ಬೇಡದ ಆ ಹಾಳೆ ಅನೇಕ ರಾತ್ರಿ ನನ್ನನ್ನು ಕಾಪಾಡಿದೆ.

ಸಾಮಾನ್ಯ ಮಾತು ನಿಮಿಷಕ್ಕೆ ಸುಮಾರು 150 ಪದಗಳ ವೇಗದಲ್ಲಿ ಸಾಗುತ್ತದೆ. ನಾನು 15 ದಾಟುವುದೇ ಕಷ್ಟ. ಉತ್ತರ ಸಿದ್ಧವಾಗುವಷ್ಟರಲ್ಲಿ ಮಾತು ಬೇರೆಲ್ಲೋ ಹೋಗಿರುತ್ತದೆ. ಈ ಕೊರತೆಗೆ ನಾನು ಕಂಡುಕೊಂಡ ಮದ್ದು, ಒಂದೇ ನೋಟಕ್ಕೆ ಸಿಗುವ ಸಣ್ಣ ವಾಕ್ಯಗಳು: 'ತಾಳಿ, ಹೇಳುವುದಿದೆ', 'ನಾನು ಹೇಳಿದ್ದು ಅದಲ್ಲ', 'ಇದು ಆಗಲೇ ಕೇಳಿದ್ದಕ್ಕೆ ಉತ್ತರ'. ನಡುವೆ ಬಾಯಿ ಹಾಕುವ ಹಕ್ಕು ಇವುಗಳಿಂದಲೇ ನನಗೆ ಮರಳಿತು. ಅವು ಪರದೆಯ ಬಲ ಮೂಲೆಯಲ್ಲಿದ್ದವು. ಒಂದು ಅಪ್‌ಡೇಟ್ ಬಂದು ಅವನ್ನೆಲ್ಲ ಹೇಳದೆ ಕೇಳದೆ ಬೇರೆ ಪುಟಕ್ಕೆ ಸಾಗಿಸಿತು. ಕಣ್ಣು ಹಳೆಯ ಜಾಗಕ್ಕೇ ಓಡುತ್ತಿತ್ತು. ಮತ್ತೆ ಪಳಗುವವರೆಗೆ ನಾನು ಅರ್ಧ ಮೂಕನಾಗಿದ್ದೆ. ಗುಂಡಿಗಳ ಜಾಗ ಬದಲಿಸುವುದು ಇಂಥ ಸಾಧನದಲ್ಲಿ ದೊಡ್ಡ ಅಪರಾಧ. ತಯಾರಕರಿಗೆ ಬರೆದೆ, ಉತ್ತರ ಬರಲಿಲ್ಲ.

ಮನೆಯವರೂ ಕಲಿಯಬೇಕು. ನಾನು ಬರೆಯುವಾಗ ನನ್ನ ಹೆಂಡತಿ ಪರದೆಯತ್ತ ಬಗ್ಗುವುದಿಲ್ಲ. ಮುಖ ನೋಡುತ್ತಾ, ವಾಕ್ಯ ಪೂರ್ತಿ ಹೊರಬರುವವರೆಗೆ ಕಾಯುತ್ತಾಳೆ. ಕೆಲವು ನೆಂಟರು ಎರಡು ಪದ ಕಂಡ ಕೂಡಲೇ ಉಳಿದದ್ದನ್ನು ತಾವೇ ಪೂರ್ತಿ ಮಾಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಆಗ ಮಾತು ನನ್ನದಾಗಿ ಉಳಿಯುವುದಿಲ್ಲ.

ಇನ್ನು ದನಿಯ ಮಾತು. ಇದೇ ಕಾಯಿಲೆಯಿದ್ದ, 1985ರಲ್ಲಿ ಮಾತು ಕಳೆದುಕೊಂಡ ವಿಜ್ಞಾನಿ ಸ್ಟೀಫನ್ ಹಾಕಿಂಗ್, ಮುಂದೆ ಸುಧಾರಿತ ದನಿಗಳು ಬಂದರೂ ತಮ್ಮ ಹಳೆಯ ಯಂತ್ರದನಿಯನ್ನೇ ಉಳಿಸಿಕೊಂಡರು. ಅದೇಕೆಂದು ನನಗೀಗ ಚೆನ್ನಾಗಿ ಅರ್ಥವಾಗುತ್ತದೆ. ಮಾತು ಸ್ಪಷ್ಟವಾಗಿದ್ದಾಗಲೇ ಧ್ವನಿಮುದ್ರಿಸಿಕೊಂಡಿದ್ದರಿಂದ ನನ್ನ ಸಾಧನ ಹೆಚ್ಚುಕಡಿಮೆ ನನ್ನದೇ ದನಿಯಲ್ಲಿ ಮಾತನಾಡುತ್ತದೆ. ಕೋಪವನ್ನೂ ಅಕ್ಕರೆಯನ್ನೂ ಒಂದೇ ಸ್ವರದಲ್ಲಿ ಹೇಳಿಬಿಡುತ್ತದೆ, ನಿಜ. ಆದರೂ ಇನ್ನೊಂದು ಕೋಣೆಯಿಂದ ಕೇಳಿಸಿಕೊಂಡವರಿಗೆ ಮಾತನಾಡಿದ್ದು ನಾನೆಂದು ತಿಳಿಯುತ್ತದೆ.

ಈಗಷ್ಟೇ ರೋಗ ಪತ್ತೆಯಾದವರು ಸಾಧನ ಹುಡುಕುವ ಮೊದಲು ದನಿಯನ್ನು ಮುದ್ರಿಸಿಟ್ಟುಕೊಳ್ಳಿ. ಅದಕ್ಕೆ ಮಾತ್ರ ಮತ್ತೆ ಅವಕಾಶ ಸಿಗುವುದಿಲ್ಲ. ಸಾಧನವನ್ನು ಕೊಳ್ಳುವ ಮುನ್ನ ಮನೆಯಲ್ಲೇ ಪ್ರಯೋಗಕ್ಕೆ ಕೇಳಿ. ಕುರ್ಚಿಯಲ್ಲಿ ಕೂತು ನೋಡಿದರೆ ಸಾಲದು. ಹಾಸಿಗೆಯಲ್ಲಿ, ಒರಗಿಕೊಂಡು, ದಿನದ ಕೊನೆಯಲ್ಲಿ ಕಣ್ಣು ದಣಿದಿರುವಾಗ ಬಳಸಿ ನೋಡಿ.