ಹಳೆಯ ಮೈಕಟ್ಟು, ಹೊಸ ಮೈಕಟ್ಟು: ಮೂರು ಸ್ಪೋರ್ಟ್ಸ್ ಕಾರುಗಳು, ಎರಡೆರಡು ತಲೆಮಾರು

ಸ್ಪೋರ್ಟ್ಸ್ ಕಾರಿನ ಅಂದಚೆಂದದ ಮಾತು ಬಂದರೆ ಜನ ತಟ್ಟನೆ ಎರಡು ಪಕ್ಷವಾಗುತ್ತಾರೆ. ಒಂದು ಪಕ್ಷಕ್ಕೆ 2000ದ ಈಚೆಗೆ ಬಂದದ್ದೆಲ್ಲ ಊದಿಕೊಂಡ ಪ್ಲಾಸ್ಟಿಕ್. ಇನ್ನೊಂದು ಪಕ್ಷಕ್ಕೆ ತೊಂಬತ್ತರ ದಶಕದ ಕಾರುಗಳೆಲ್ಲ ಬಳಸಿ ಸವೆದ ಸಾಬೂನಿನ ಬಿಲ್ಲೆ. ಇಬ್ಬರೂ ಬಹುಪಾಲು ಫೋಟೊ ನೋಡಿಯೇ ತೀರ್ಪು ಕೊಡುತ್ತಾರೆ ಅನ್ನುವುದು ನನ್ನ ತಕರಾರು. ನಾನು ಕಾರನ್ನು ಮೂರು ಕಡೆಯಿಂದ ನೋಡುತ್ತೇನೆ: ದೂರ ನಿಂತು, ಕೈಗೆಟಕುವಷ್ಟು ಹತ್ತಿರದಿಂದ, ಆಮೇಲೆ ಚಾಲಕನ ಸೀಟಿನಿಂದ. ಮೂರನೆಯದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಕಾರಿನ ಯಜಮಾನ ತನ್ನ ಕಾರನ್ನು ಅತಿ ಹೆಚ್ಚು ಹೊತ್ತು ನೋಡುವುದು ಅಲ್ಲಿಂದಲೇ.

ಹಳತು ಹೊಸತು ಎರಡನ್ನೂ ಓಡಿಸಿ, ಸುತ್ತು ಹಾಕಿ, ಕೈಯಾರೆ ತೊಳೆದು ನೋಡಿದ ಮೂರು ಜೋಡಿಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಮಾಜ್ದಾ ಎಂಎಕ್ಸ್-5ರ ಮೊದಲ ತಲೆಮಾರಾದ ಎನ್‌ಎ ಮತ್ತು ನಾಲ್ಕನೆಯದಾದ ಎನ್‌ಡಿ. ಪೋರ್ಷೆ 911ರ ಹಳೆಯ ತಲೆಮಾರಾದ 993 ಮತ್ತು ಹೊಸದಾದ 992. ಟೊಯೊಟಾ ಸುಪ್ರಾದ ಎ80 ಮತ್ತು ಎ90. ತೊಳೆಯುವುದೇಕೆ ಅಂದರೆ, ಕಣ್ಣಿಗೆ ಸಿಗದ ಏರುತಗ್ಗು ಸ್ಪಂಜಿಗೆ ಸಿಗುತ್ತದೆ.

ಎಂಎಕ್ಸ್-5ರಿಂದ ಶುರು ಮಾಡೋಣ. 1989ರ ಫೆಬ್ರುವರಿಯಲ್ಲಿ ಶಿಕಾಗೊ ಮೋಟಾರು ಪ್ರದರ್ಶನದಲ್ಲಿ ಕಾಣಿಸಿಕೊಂಡ ಎನ್‌ಎಯಲ್ಲಿ ಗೆರೆಗಳೇ ಕಡಿಮೆ. ಅರವತ್ತರ ದಶಕದ ಲೋಟಸ್ ಇಲಾನ್ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ನೆರಳು ಎದ್ದು ಕಾಣುತ್ತದೆ, ಅದನ್ನು ಮುಚ್ಚಿಡುವ ಪ್ರಯತ್ನವೂ ಇಲ್ಲ. ಮೂತಿಯಿಂದ ಬಾಲದವರೆಗೆ ಸ್ಪಂಜು ಎಲ್ಲಿಯೂ ತಡೆಯದೆ ಜಾರುತ್ತದೆ. ಬಾಗಿಲಿನ ಹಿಡಿ ಎರಡು ಬೆರಳು ತೂರುವಷ್ಟು ಪುಟ್ಟ ಕ್ರೋಮ್ ತುಣುಕು. ಇಡೀ ಕಾರಿನಲ್ಲಿ ಒಡವೆ ಅನ್ನಬಹುದಾದದ್ದು ಅದೊಂದೇ. ಹಿಂದಿನ ದೀಪ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿದೆ. ಕಾರನ್ನಲ್ಲ, ದೀಪವನ್ನು.

ಎನ್‌ಎಯ, ಹೊತ್ತಿಸಿದಾಗ ಬಾನೆಟ್ಟಿನಿಂದ ಮೇಲೇಳುವ ಹೆಡ್‌ಲೈಟುಗಳ ಬಗ್ಗೆ ಎಲ್ಲರೂ ಹಾಡಿ ಹೊಗಳುತ್ತಾರೆ, ನನ್ನದು ಅರ್ಧ ಮನಸ್ಸಿನ ಮೆಚ್ಚುಗೆ. ಹಗಲಲ್ಲಿ ಮುಚ್ಚಿದಾಗ ಮೂತಿ ತೆಳ್ಳಗೆ, ನುಣುಪಾಗಿ ಇರುತ್ತದೆ. ರಾತ್ರಿ ಎದ್ದು ನಿಂತಾಗ ಎದುರಿನವರಿಗೆ ಅದೊಂದು ಬೆಪ್ಪು ಮುಖ. ಆದರೆ ಸೀಟಿನಲ್ಲಿ ಕೂತವನಿಗೆ ಬಾನೆಟ್ಟಿನ ಎರಡು ತುದಿಯಲ್ಲಿ ಎರಡು ಉಬ್ಬು ಎದ್ದು, ಕಾರಿನ ಮೂಲೆ ಎಲ್ಲಿದೆಯೆಂದು ಕತ್ತಲಲ್ಲೂ ಗೊತ್ತಾಗುತ್ತದೆ. ಈ ಸುಖ ಫೋಟೊದಲ್ಲಿ ಬರುವುದಿಲ್ಲ. ಕಾರ್ವೆಟ್ ಸಿ5 ಮತ್ತು ಲೋಟಸ್ ಎಸ್‌ಪ್ರಿ 2004ರಲ್ಲಿ ನಿಂತ ಮೇಲೆ ದೊಡ್ಡ ಕಂಪನಿಗಳ ಕಾರುಗಳಲ್ಲಿ ಈ ದೀಪಗಳ ಕಾಲ ಮುಗಿಯಿತು. ಪಾದಚಾರಿಗೆ ಕಾರು ಬಡಿದಾಗ ಚೂಪಾದದ್ದೇನೂ ಎದ್ದು ನಿಂತಿರಬಾರದು ಅನ್ನುವ ಸುರಕ್ಷತಾ ವಿಚಾರ ಬಂದಮೇಲೆ, ಜೊತೆಗೆ ದೀಪಗಳೇ ಸಣ್ಣದಾದ ಮೇಲೆ, ಮೋಟಾರು ಇಟ್ಟು ದೀಪ ಎಬ್ಬಿಸುವುದಕ್ಕೆ ಅರ್ಥವೂ ಉಳಿದಿರಲಿಲ್ಲ.

ಎನ್‌ಡಿಯನ್ನು ಕೆಡಿಸಿರುತ್ತಾರೆ ಎಂದೇ ಅಂದುಕೊಳ್ಳುವವರು ಒಂದು ಅಳತೆ ನೋಡಬೇಕು. ಜಪಾನಿನಲ್ಲಿ ಮಾರುತ್ತಿದ್ದ ಎನ್‌ಎ 3,970 ಮಿ.ಮೀ. ಉದ್ದ, ಎನ್‌ಡಿ 3,915 ಮಿ.ಮೀ. ಕಾಲು ಶತಮಾನದ ನಂತರದ ಕಾರು ತನ್ನ ಅಜ್ಜನಿಗಿಂತ ಗಿಡ್ಡ! ಅಗಲ ಮಾತ್ರ 1,675ರಿಂದ 1,735ಕ್ಕೆ ಏರಿದೆ. ಚಕ್ರಗಳು 14 ಇಂಚಿನಿಂದ 16, 17ಕ್ಕೆ ಬಂದಿವೆ, ಮುಂದೂ ಹಿಂದೂ ಹೊರಚಾಚಿದ ಮೈ ಕಡಿಮೆಯಾಗಿದೆ. ಹಾಗಾಗಿ ದೂರದಿಂದ ನೋಡಿದರೆ ಎನ್‌ಎ ಸುಮ್ಮನೆ ನಿಂತಂತೆ, ಎನ್‌ಡಿ ಜಿಗಿಯಲು ಕುಳಿತಂತೆ. ಇಲ್ಲಿ ನನಗೆ ಹೊಸತೇ ಮೇಲು. ಹಳೆಯದರ ಚಕ್ರಗಳು ಮೈಯೊಳಗೆ ಕಳೆದುಹೋಗುತ್ತವೆ, ಅದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಎನ್‌ಡಿ ಗೆಲ್ಲುವುದು ಒಳಗೆ ಕೂತಾಗಲೂ. ಮುಂದಿನ ಚಕ್ರಗಳ ಮೇಲಿನ ಫೆಂಡರುಗಳು ಎರಡು ದಿಬ್ಬಗಳಾಗಿ ಕಣ್ಣಿಗೆ ಬೀಳುತ್ತವೆ, ತಿರುವಿನಲ್ಲಿ ಒಳಗಿನ ಚಕ್ರವನ್ನು ಎಲ್ಲಿಡಬೇಕೆಂದು ಅವೇ ತೋರಿಸುತ್ತವೆ. ಬಾಗಿಲಿನ ಒಳಮೇಲ್ಭಾಗಕ್ಕೂ ಹೊರಮೈಯ ಬಣ್ಣವನ್ನೇ ಕೊಟ್ಟಿದ್ದಾರೆ. ಫೆಂಡರಿನ ಗೆರೆ ಗಾಜು ದಾಟಿ ಮೊಣಕೈ ಪಕ್ಕಕ್ಕೇ ಬಂದು ನಿಂತ ಹಾಗೆ ಅನಿಸುತ್ತದೆ. ಎನ್‌ಎಯ ಒಳಗು ಇದರ ಮುಂದೆ ಕಪ್ಪು ಪ್ಲಾಸ್ಟಿಕ್ಕಿನ ಸಭ್ಯ ಗುಹೆ. 2016ರಲ್ಲಿ ಎನ್‌ಡಿಗೆ ವರ್ಷದ ವಿಶ್ವ ಕಾರು, ವರ್ಷದ ವಿಶ್ವ ಕಾರು ವಿನ್ಯಾಸ ಎರಡೂ ಪ್ರಶಸ್ತಿ ಒಟ್ಟಿಗೇ ಬಂದವು. ಪ್ರಶಸ್ತಿಗಳ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲದಿದ್ದರೂ ಇದಕ್ಕೆ ತಕರಾರಿಲ್ಲ. ಸೋಲುವುದು ಹತ್ತಿರದಿಂದ ನೋಡಿದಾಗ. ಎದುರಿನಿಂದ ದೀಪಗಳು ಕಣ್ಣು ಕಿರಿದು ಮಾಡಿ ಸಿಡುಕುತ್ತವೆ. 2023ರವರೆಗಿನ ಎನ್‌ಡಿಯಲ್ಲಿ ಹಗಲು ಉರಿಯುವ ದೀಪಗಳನ್ನು ಬಂಪರಿನ ಮೂಲೆಗೆ ತಳ್ಳಿದ್ದರಿಂದ ಅಷ್ಟಾದರೂ ಪಾರಾಗಿತ್ತು.

911ರ ಕಥೆ ಬೇರೆ. ಇಲ್ಲಿ ಆಕಾರ ಬದಲಾಗಬಾರದು ಎಂಬುದೇ ನಿಯಮ, ಬದಲಾದದ್ದು ಗಾತ್ರ. 1963ರ ಮೂಲ ಕಾರು 1,610 ಮಿ.ಮೀ. ಅಗಲ, ಗಾಳಿಯಿಂದ ತಣಿಯುವ ಎಂಜಿನ್ನಿನ ಕೊನೆಯ ತಲೆಮಾರಾದ 993 ಸುಮಾರು 1,735, 2018ರಲ್ಲಿ ಬಂದ 992 ಬರೋಬ್ಬರಿ 1,852. ಮೊದಲೆಲ್ಲ ಅಗಲದ ಸೊಂಟ ಕೆಲವು ಮಾದರಿಗಳಿಗೆ ಮಾತ್ರ ಸಿಗುತ್ತಿತ್ತು, 992ರಲ್ಲಿ ಎಲ್ಲಕ್ಕೂ ಅದೇ. ಎಲ್ಲರಿಗೂ ಕಿರೀಟ ಹಾಕಿದರೆ ರಾಜ ಯಾರು?

993ರ ಚಾವಣಿ, ಬಾಗಿಲ ಗಾಜಿನ ಚೌಕಟ್ಟು ಮೂಲತಃ 1963ರ ಕಾರಿನದೇ. ಆ ನೆಟ್ಟಗಿನ ಮುಂಗಾಜು, ತೆಳು ಕಂಬಗಳ ಸುತ್ತ ಹೊಸ ಮೈ ಎಳೆದಿದ್ದಾರೆ. ಹೆಡ್‌ಲೈಟುಗಳು ಇದಕ್ಕೂ ಮುಂಚಿನ ತಲೆಮಾರಾದ 964ಕ್ಕಿಂತ ಒರಗಿವೆ, ಹಿಂದಿನ ಫೆಂಡರ್ ತುಂಬಿಕೊಂಡಿದೆ. ಮುದುಕನಾಗಬೇಕಿದ್ದ ವಿನ್ಯಾಸಕ್ಕೆ ಅದರ ಕೊನೆಗಾಲದಲ್ಲಿ ಇಷ್ಟು ಕಳೆ ಬಂದದ್ದು ಸೋಜಿಗ. ಸೀಟಿನಲ್ಲಿ ಕೂತರೆ ಮುಂದೆ ಎರಡು ಫೆಂಡರು, ನಡುವೆ ತಗ್ಗಾಗಿ ಇಳಿಯುವ ಬಾನೆಟ್, ಸುತ್ತ ಬೆಳಕು. ಐದು ದುಂಡು ಮಾಪಕಗಳು ಒಂದಕ್ಕೊಂದು ಒತ್ತಿಕೊಂಡು ಕೂತಿವೆ, ನಡುವಿನದು ಎಂಜಿನ್ನಿನ ಸುತ್ತು ತೋರಿಸುವುದು. ಸ್ವಿಚ್ಚುಗಳ ಜಾಗ ಮಾತ್ರ ದೇವರಿಗೇ ಪ್ರೀತಿ.

992ರಲ್ಲಿ ಮಾಪಕಗಳ ಆ ಐದರ ಸಾಲನ್ನು ಉಳಿಸಿಕೊಂಡಿದ್ದಾರೆ. 2024ರ ಪರಿಷ್ಕರಣೆಯವರೆಗೆ ನಡುವಿನದು ಮುಳ್ಳಿನದಾಗಿತ್ತು, ಅಕ್ಕಪಕ್ಕದವು ತೆರೆಗಳು. ಆದರೆ ತುದಿಯ ಎರಡನ್ನು ಸ್ಟೀರಿಂಗ್ ಚಕ್ರವೇ ಮರೆಮಾಡುತ್ತದೆ. ನೋಡಿದವರಿಗೆ 911ರ ನೆನಪು ಬರಲಿ ಎಂದು ಮಾಡಿದ್ದು, ಓಡಿಸುವವನಿಗೆ ಕಾಣಲಿ ಎಂದಲ್ಲ. ಮುಂಕಂಬಗಳು ದಪ್ಪ. ಇದಕ್ಕೆ ಕಾರಣವಿದೆ: ಕಾರು ಮಗುಚಿದಾಗ ಚಾವಣಿ ತಾಳಬೇಕಾದ ಭಾರದ ನಿಯಮವನ್ನು ಅಮೆರಿಕ 2009ರಲ್ಲಿ ಕಾರಿನ ತೂಕದ ಒಂದೂವರೆ ಪಟ್ಟಿನಿಂದ ಮೂರು ಪಟ್ಟಿಗೆ ಏರಿಸಿತು. ತಲೆ ಉಳಿಯುತ್ತದೆ, ನೋಟ ಸ್ವಲ್ಪ ಹೋಗುತ್ತದೆ. ಇದರ ಮೇಲೆ ಸಿಟ್ಟಾಗುವುದು ಸರಿಯಲ್ಲ.

ಆದರೂ 992ರ ಬೆನ್ನಿಗೆ ಸೋತೆ. ಅಗಲಕ್ಕೂ ಎಳೆದ ಒಂದೇ ಕೆಂಪು ದೀಪದ ಪಟ್ಟಿ ಆ ಅಗಲಕ್ಕೆ ಒಂದು ಕಾರಣ ಕೊಡುತ್ತದೆ. ಮುಸ್ಸಂಜೆಯಲ್ಲಿ ಮುಂದೆ ಹೋಗುವ 992ನ್ನು ಹಿಂಬಾಲಿಸಿದರೆ ಬೇರೆ ಯಾವ ಕಾರೂ ಅಲ್ಲ ಎಂದು ಬಹಳ ದೂರದಿಂದಲೇ ಗೊತ್ತಾಗುತ್ತದೆ. 993ರಲ್ಲೂ ಎರಡು ದೀಪಗಳ ನಡುವೆ ಕೆಂಪು ಪಟ್ಟಿ ಇತ್ತು, ಆದರೆ ಅದು ಬೆಳಕು ಬಿದ್ದಾಗ ಮಿಂಚುವಂಥದ್ದು, ತಾನೇ ಉರಿಯುವಂಥದ್ದಲ್ಲ. ಬಾಗಿಲ ಹಿಡಿಗಳು ಮೈಯೊಳಗೆ ಅಡಗಿದ್ದು, ಬೇಕಾದಾಗ ವಿದ್ಯುತ್ತಿನಿಂದ ಹೊರಬರುವುದು ಮಾತ್ರ ನನಗೆ ಆಡಂಬರ ಅನಿಸಿತು. 993ರ ಬಾಗಿಲು ಮುಚ್ಚುವಾಗಿನ ಖಣ್ ಅನ್ನುವ ಲೋಹದ ಸದ್ದೂ ವಿನ್ಯಾಸವೇ ಆದರೆ, ಆ ಅಂಕ ಹಳತಿಗೆ.

ಸುಪ್ರಾದ ಬಗ್ಗೆ ಬೇಗ ಮುಗಿಸುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಇಲ್ಲಿ ಸ್ಪರ್ಧೆಯೇ ಇಲ್ಲ. 1993ರ ಎ80 ಚೆಲುವ ಅಲ್ಲ. ಮೂತಿ ಮೊಂಡು, ಮಗ್ಗುಲು ಬೋಳು. ಆದರೆ ಅದರಲ್ಲಿ ತೋರಿಕೆಗೆಂದು ಇಟ್ಟದ್ದು ಕಡಿಮೆ. ಟರ್ಬೊ ಕಾರಿನ ಮುಂದಿನ ಬಂಪರಿನ ಒಂದು ಮೂಲೆಯ ಬಾಯಿಯ ಹಿಂದೆ ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ನಿಜಕ್ಕೂ ಇದೆ. ಹಿಂದಿನ ಎತ್ತರದ ರೆಕ್ಕೆ ಕನ್ನಡಿಯಲ್ಲಿ ಕಮಾನಿನಂತೆ ಕಾಣುತ್ತದೆ, ಹಿಂದಿನ ವಾಹನಗಳು ಅದರ ಕೆಳಗಿನಿಂದ ಇಣುಕುತ್ತವೆ. 2014ರ ಎಫ್‌ಟಿ-1 ಎಂಬ ಪ್ರದರ್ಶನ ಮಾದರಿಯಿಂದ ಇಳಿದುಬಂದ 2019ರ ಎ90, ಬಿಎಂಡಬ್ಲ್ಯು ಝಡ್4ರೊಂದಿಗೆ ಅಡಿಪಾಯ ಹಂಚಿಕೊಂಡಿರುವ ಗಿಡ್ಡ ಕಾರು. ಆ ಉದ್ದನೆಯ ಮಾದರಿಯ ನಾಟಕವನ್ನೆಲ್ಲ ಈ ಗಿಡ್ಡ ಮೈಗೆ ತುರುಕಿದ್ದಾರೆ. ಬಾಗಿಲಲ್ಲಿ, ಬಾನೆಟ್ಟಿನಲ್ಲಿ, ದೀಪಗಳ ಪಕ್ಕದಲ್ಲಿ ಗಾಳಿಕಿಂಡಿಗಳಂತೆ ಕಾಣುವ ಮುಚ್ಚಿದ ಗುಳಿಗಳಿವೆ. ರೇಸಿಗೆ ಬೇಕಾದರೆ ಅವನ್ನು ತೆರೆಯಬಹುದು ಎಂಬುದು ಕಂಪನಿಯ ವಾದ. ತೊಳೆಯುವಾಗ ಪ್ರತಿ ಗುಳಿಯಲ್ಲೂ ಸ್ಪಂಜು ಸಿಕ್ಕಿಕೊಳ್ಳುತ್ತದೆ. ಟೊಯೊಟಾದ್ದೇ ಆದ 1967ರ 2000ಜಿಟಿ ಕಾರನ್ನು ನೆನಪಿಸುವ ಜೋಡಿ ಉಬ್ಬಿನ ಚಾವಣಿ ಮಾತ್ರ ಸೊಗಸು, ಅದನ್ನು ನೋಡಲು ಮಹಡಿಯ ಮೇಲೆ ನಿಂತಿರಬೇಕು.

ಒಂದನ್ನೇ ಇಟ್ಟುಕೋ ಅಂದರೆ, ನೋಡುವುದಕ್ಕೆ 993, ದಿನಾ ಕೂರುವುದಕ್ಕೆ ಎನ್‌ಡಿ ಎನ್ನುತ್ತೇನೆ. ಒಂದೇ ಒಂದು ಎಂದು ಪಟ್ಟು ಹಿಡಿದರೆ ಎನ್‌ಡಿ. ಕೊಳ್ಳುವ ಯೋಚನೆ ಇರುವವರಿಗೆ ಬಣ್ಣದ ಬಗ್ಗೆ ಒಂದು ಮಾತು. ಎನ್‌ಎ, 993 ಎರಡೂ ಯಾವ ಬಣ್ಣದಲ್ಲೂ ತಮ್ಮ ಆಕಾರ ಉಳಿಸಿಕೊಳ್ಳುತ್ತವೆ, ಬರೀ ಬಿಳಿಯಲ್ಲೂ. ಎನ್‌ಡಿಯ ಆಕಾರವಿರುವುದು ಗೆರೆಗಳಲ್ಲಲ್ಲ, ಮೈಮೇಲೆ ಬೆಳಕು ಹೊರಳುವುದರಲ್ಲಿ. ಮಾಜ್ದಾದ ಆ ಪದರ ಪದರದ ಕೆಂಪಿನಲ್ಲಿ ಅಥವಾ ಗಾಢ ಬೂದಿಯಲ್ಲಿ ನೋಡಿ. ಬಿಳಿಯಲ್ಲಿ ನೋಡಿದವರು ಅರ್ಧ ಕಾರನ್ನು ಮಾತ್ರ ನೋಡಿರುತ್ತಾರೆ.