ಸ್ಟೆಮ್ ಸೆಲ್ಲಾ, ಮಾತ್ರೆ-ಬೈಪ್ಯಾಪಾ?

ದಾವಣಗೆರೆಯ ಗೆಳೆಯರೊಬ್ಬರು ಕೇಳಿದ್ದಾರೆ: ಅಣ್ಣನಿಗೆ ಮೋಟಾರ್ ನ್ಯೂರಾನ್ ಕಾಯಿಲೆ (ನರಕೋಶಗಳು ಸಾಯುತ್ತಾ ಸ್ನಾಯುಗಳು ಸೋಲುವ ರೋಗ). ಸೈಟು ಮಾರಿ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಬಲ್ಲ ಮೂಲಕೋಶ) ಚಿಕಿತ್ಸೆ ಮಾಡಿಸೋಣವಾ, ಮಾತ್ರೆ-ಬೈಪ್ಯಾಪ್‌ನಲ್ಲೇ ಇರೋಣವಾ? (ಬೈಪ್ಯಾಪ್ ಅಂದರೆ ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಾಟಕ್ಕೆ ನೆರವಾಗುವ ಯಂತ್ರ.)

ಮೊದಲು ಪುರಾವೆ ನೋಡೋಣ. ರಿಲುಜೋಲ್ ಮಾತ್ರೆ ಕಾಯಿಲೆ ವಾಸಿ ಮಾಡಲ್ಲ. ಪ್ರಯೋಗಗಳಲ್ಲಿ ಆಯಸ್ಸು ಸರಾಸರಿ 2-3 ತಿಂಗಳು ಹೆಚ್ಚಿತ್ತು, ಅಷ್ಟೇ. ಉಸಿರು ಸೋತವರಿಗೆ ರಾತ್ರಿ ಬೈಪ್ಯಾಪ್ ಹಾಕಿದರೆ ನಿದ್ದೆ ಬರುತ್ತೆ, ಬೆಳಗಿನ ತಲೆನೋವು ಇಳಿಯುತ್ತೆ, ಆಯಸ್ಸೂ ಹೆಚ್ಚಬಹುದು. ಸ್ಟೆಮ್ ಸೆಲ್‌ಗೆ ಇಂಥ ಗಟ್ಟಿ ಪುರಾವೆ ಇನ್ನೂ ಇಲ್ಲ. ಅಮೆರಿಕದಲ್ಲಿ ‘ನ್ಯೂರೋನ್’ (NurOwn) ಎಂಬ ಸ್ಟೆಮ್ ಸೆಲ್ ಚಿಕಿತ್ಸೆಯ ಮೂರನೇ ಹಂತದ ಪ್ರಯೋಗವೂ ಮುಖ್ಯ ಗುರಿ ಮುಟ್ಟಲಿಲ್ಲ.

ಖರ್ಚಿನ ವಿಷಯದಲ್ಲಿ ನನಗೆ ಸಿಟ್ಟೇ ಬರುತ್ತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಈ ಕಾಯಿಲೆಗೆ ಸ್ಟೆಮ್ ಸೆಲ್ ಕೊಡುವುದು ರೋಗಿಗಳ ಮೇಲಿನ ಪ್ರಯೋಗ, ಅಂದರೆ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ. ಟ್ರಯಲ್‌ಗೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ಲಕ್ಷಗಟ್ಟಲೆ ಕೇಳಿದರೆ, ಟ್ರಯಲ್‌ಗಳನ್ನು ದಾಖಲಿಸುವ ಸರ್ಕಾರಿ ಪಟ್ಟಿಯಾದ ಸಿಟಿಆರ್‌ಐ ನೋಂದಣಿ ನಂಬರ್ ಕೇಳಿ.

ಮಾತ್ರೆ ದಿನಕ್ಕೆ ಎರಡು. ಅದು ಲಿವರ್‌ಗೆ ತೊಂದರೆ ಮಾಡಬಹುದಾದ್ದರಿಂದ ಬೇಕಾಗುವ ಲಿವರ್ ಪರೀಕ್ಷೆ ಊರಲ್ಲೇ ಆಗುತ್ತೆ. ಬೈಪ್ಯಾಪ್‌ಗೆ ಯುಪಿಎಸ್ ಇರಲಿ, ಕರೆಂಟ್ ನಂಬೋಕಾಗಲ್ಲ ಅಲ್ವಾ.

ಅಣ್ಣ ಇನ್ನೂ ಓಡಾಡುತ್ತಿದ್ದು, ಹೊಸದನ್ನು ನೋಡಬೇಕೆನ್ನುವ ಮನಸ್ಸಿದ್ದರೆ, ನೋಂದಾಯಿತ ಟ್ರಯಲ್ ಇದೆಯಾ ಅಂತ ನಿಮ್ಹಾನ್ಸ್‌ನಲ್ಲಿ ವಿಚಾರಿಸಿ. ರಿಲುಜೋಲ್ ತೆಗೆದುಕೊಳ್ಳುತ್ತಲೇ ಸೇರಲು ಎಷ್ಟೋ ಟ್ರಯಲ್‌ಗಳಲ್ಲಿ ಅವಕಾಶವಿರುತ್ತೆ. ಮಲಗಿದಾಗ ಏದುಸಿರು, ನುಂಗುವಾಗ ಕೆಮ್ಮು ಶುರುವಾಗಿದ್ದರೆ ಬೈಪ್ಯಾಪ್, ಹೊಟ್ಟೆಗೆ ಹಾಕುವ ಊಟದ ಟ್ಯೂಬ್ ಬಗ್ಗೆ ಈ ವಾರವೇ ಡಾಕ್ಟರ ಹತ್ತಿರ ಮಾತಾಡಿ. ಸೈಟಿನ ಮಾತು ಆಮೇಲೆ.